ಇಮಾಮ್ಬೀಯ ಎರಡು ಗಡಿಗೆ

ಚಿಮ್ಮನಚೋಡದಲ್ಲಿ ಬಸ್ಸಿನ ಕಟ್ಟೆಯ ಮೇಲೆ ಕೂಡುವವರಿಗೆ ಜಗದೇವಪ್ಪ ಮಾಸ್ತರ ಹೊಸಬನೇನಲ್ಲ. ಎರಡು ವರ್ಷದಿಂದ, ತಿಂಗಳಿಗೆ ಎರಡೋ ಮೂರೋ ಭಾನುವಾರ ಅವನು ಸೇಡಂನಿಂದ ಹೊರಟು, ಚಿಂಚೋಳಿಯಲ್ಲಿ ಬಸ್ಸು ಬದಲಿಸಿ, ಮಧ್ಯಾಹ್ನದ ಹೊತ್ತಿಗೆ ಇಲ್ಲಿ ಇಳಿಯುತ್ತಿದ್ದ. ಹೆಗಲಿಗೊಂದು ಖಾಕಿ ಚೀಲ, ಕೈಯಲ್ಲಿ ಬಿಸ್ಕಿಟಿನ ತಗಡಿನ ಡಬ್ಬಿ. ಡಬ್ಬಿಯಲ್ಲಿ ಬಿಸ್ಕಿಟು ಇಲ್ಲವೆಂಬುದೂ, ಸೂಜಿ ಚುಚ್ಚಿದ ಪತಂಗಗಳಿವೆಯೆಂಬುದೂ ಊರಿಗೆಲ್ಲ ಗೊತ್ತಿತ್ತು. ಮೊದಮೊದಲು ನಕ್ಕರು. ಆಮೇಲೆ ನಗುವುದೂ ಬೇಸರವಾಗಿ, ಬಂದಾಗ ಜಾಗ ಮಾಡಿಕೊಟ್ಟು ಕೂಡಿಸಿ ಮಾತಾಡಿಸತೊಡಗಿದರು. ಅವನು ಕಡಿಮೆ ಮಾತಿನವನು. ಕೇಳಿದ್ದಕ್ಕೆ ಉತ್ತರ ಹೇಳಿ, ಚಹಾ ಕುಡಿದು, ಊರ ಹೊರಗಿನ ಬಾವಿಯ ದಾರಿ ಹಿಡಿಯುತ್ತಿದ್ದ.

ಹಿಂದಿನ ನವೆಂಬರಿನಲ್ಲಿ ಚಹಾದಂಗಡಿಯ ಮಜೀದಸಾಬ ಚಹಾದ ಕಪ್ಪು-ಬಸಿ ಮುಂದಿಡುತ್ತ ಕೇಳಿದ್ದ, “ರಾಜ್ಯಕ್ಕೇ ಹೊಸ ಹೆಸರ ಬಂತು ಮಾಸ್ತರ. ನಿಮ್ಮ ಹುಳಕ್ಕ ಇನ್ನಾ ಬರವಲ್ದು?”

“ಬರ್ತದ ಸಾಬ. ಈ ಚಳಿಗಾಲ ದಾಟಲಿ,” ಎಂದಿದ್ದ ಜಗದೇವಪ್ಪ. ಹಾಗೆ ಖಚಿತವಾಗಿ ಅವನು ಕಟ್ಟೆಯ ಮೇಲಿನವರಿಗೆ ಏನನ್ನೂ ಹೇಳಿದ್ದಿಲ್ಲ. ಹೇಳಿದ ಮೇಲೆ ತನಗೇ ಒಂದು ಬಗೆಯ ನಾಚಿಕೆಯೂ ಸುಖವೂ ಆಗಿ, ಅರ್ಧ ಚಹಾ ಬಿಟ್ಟು ಎದ್ದಿದ್ದ.

ಅವನು ಸೇಡಂನ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಪ್ರಯೋಗಾಲಯ ನೋಡಿಕೊಳ್ಳುವವನು. ಹೈದರಾಬಾದಿನಲ್ಲಿ ಓದಿ ಬಂದು ಒಂಬತ್ತು ವರ್ಷವಾಗಿತ್ತು. ಹುಡುಗರಿಗೆ ಕಪ್ಪೆ ಕೊಯ್ಯುವುದನ್ನು ತೋರಿಸುವುದು, ಗಾಜಿನ ಬರಣಿಗಳ ನೀರು ಬದಲಿಸುವುದು, ಚೀಟಿ ಅಂಟಿಸುವುದು. ಅವನ ಜೊತೆಯವರು ಮೇಲಿನ ಹುದ್ದೆಗೆ ಹೋದರು, ಇಲ್ಲವೆ ಬೇರೆ ಊರು ಹಿಡಿದರು. ಅವನು ಉಳಿದ. ಉಳಿದದ್ದರ ಬಗ್ಗೆ ದೂರಿರಲಿಲ್ಲ. ಆದರೆ ಗೋಡೆಯ ಮೇಲೆ ಸಾಲಾಗಿ ನಿಂತ ಬರಣಿಗಳ ಮೇಲೆಲ್ಲ ಬೇರೆ ಯಾರೋ ಇಟ್ಟ ಹೆಸರುಗಳನ್ನು ತನ್ನ ಕೈಯಿಂದ ಬರೆದು ಬರೆದು, ಒಂದಾದರೂ ತಾನಿಟ್ಟ ಹೆಸರಿರಲಿ ಎಂಬ ಆಸೆ ಯಾವಾಗಲೋ ಒಳಗೆ ಬೇರು ಬಿಟ್ಟಿತ್ತು.

ಆ ಆಸೆಗೆ ರೂಪ ಬಂದದ್ದು ಒಂದು ದಸರೆಯ ರಜೆಯಲ್ಲಿ. ದೂರದ ನೆಂಟರೊಬ್ಬರ ಮನೆಗೆಂದು ಚಿಮ್ಮನಚೋಡಕ್ಕೆ ಬಂದವನು ಬಾವಿಯ ಕಡೆ ತಿರುಗಾಡಲು ಹೋಗಿ ಹರಳೆಣ್ಣೆ ತೆಗೆಯುವ ಔಡಲ ಗಿಡಗಳ ಸಾಲಿನ ಮುಂದೆ ನಿಂತುಬಿಟ್ಟಿದ್ದ. ಎಲೆಯ ತೊಟ್ಟಿನ ಪಕ್ಕ ಒಣಕಡ್ಡಿಯೊಂದು ಓರೆಯಾಗಿ ಚಾಚಿಕೊಂಡಿತ್ತು. ಬೆರಳು ತಾಕಿಸಿದರೆ ಕಡ್ಡಿ ಬಾಗಿತು. ಬಾಲವನ್ನು ತಲೆಯ ಹತ್ತಿರ ಎಳೆದುಕೊಂಡು, ಕಮಾನಾಗಿ, ಮತ್ತೆ ತಲೆ ಮುಂದೆ ಚಾಚಿ, ಗೇಣು ಹಾಕಿ ಅಳೆಯುವವರಂತೆ ನಡೆಯಿತು. ಗೇಣುಹುಳ. ಅದೇನು ಹೊಸದಲ್ಲ. ಆದರೆ ಬಾವಿಯ ಪರಸಿ ಕಲ್ಲಿನ ಗೋಡೆಗೆ ರೆಕ್ಕೆ ಪೂರಾ ಹರಡಿಕೊಂಡು ಅಂಟಿದ ಹಾಗೆ ಕೂತಿದ್ದ ಪತಂಗಗಳಲ್ಲಿ ಎರಡು ಬಗೆಯಿದ್ದವು. ಒಂದು ಬೂದಿಬಿಳಿ; ನಾಲ್ಕು ರೆಕ್ಕೆಗಳಿಗೂ ನಡುವೆ ಒಂದೊಂದು ಸಣ್ಣ ಬಳೆಯಂಥ ಗುರುತು. ಇನ್ನೊಂದು ಹೊಗೆ ಹಿಡಿದ ಹಂಚಿನಷ್ಟು ಕಪ್ಪು. ಬಳೆ ಇದ್ದೂ ಇಲ್ಲದ ಹಾಗೆ.

ಬಿಳಿಯದರ ಗುರುತು ಹತ್ತಲು ತಡವಾಗಲಿಲ್ಲ. ಕಾಲೇಜಿನ ಕಪಾಟಿನಲ್ಲಿ ಬ್ರಿಟಿಷರ ಕಾಲದ ದಪ್ಪ ಪುಸ್ತಕವಿತ್ತು. ರೆಕ್ಕೆಯ ನರ, ಮೀಸೆ, ಕಾಲಿನ ಮುಳ್ಳು ಎಲ್ಲ ಒಂದೊಂದಾಗಿ ಹೊಂದಿಸಿ ನೋಡಿದರೆ ಅದು ಅಸ್ಕೋಟಿಸ್ ಸೆಲೆನೇರಿಯಾ. ರೆಕ್ಕೆಯ ಮೇಲಿನ ಚಂದ್ರನಂಥ ಗುರುತಿನಿಂದ ಬಂದ ಹೆಸರು. ಕಪ್ಪಿನದು ಆ ಪುಸ್ತಕದಲ್ಲಿ ಎಲ್ಲಿಯೂ ಇರಲಿಲ್ಲ. ಆರೆಂಟು ಪತಂಗಗಳನ್ನು ಹತ್ತಿಯಲ್ಲಿ ಸುತ್ತಿ ಕಲ್ಕತ್ತೆಯ ತಜ್ಞರೊಬ್ಬರಿಗೆ ಕಳಿಸಿದ. ನಾಲ್ಕು ತಿಂಗಳಿಗೆ ಉತ್ತರ ಬಂತು. ಎರಡರ ಅಂಗರಚನೆಯಲ್ಲೂ ತಮಗೆ ಭೇದ ಕಾಣುವುದಿಲ್ಲ, ಬಣ್ಣವೊಂದನ್ನೇ ನೆಚ್ಚಿ ಹೊಸ ಪ್ರಭೇದವೆನ್ನಲಾಗದು. ಆದರೆ ಬಿಳಿ ತಾಯಿಯ ಮೊಟ್ಟೆಯಿಂದ ಬಿಳಿಯವೇ, ಕಪ್ಪು ತಾಯಿಯ ಮೊಟ್ಟೆಯಿಂದ ಕಪ್ಪೇ ತಪ್ಪದೆ ಹುಟ್ಟುತ್ತಿದ್ದರೆ ಮಾತು ಬೇರೆ, ಸಾಕಿ ನೋಡಿರಿ ಎಂದು ಅವರು ಬರೆದಿದ್ದರು.

ಸಾಕುವುದಕ್ಕೆ ದಿನವೂ ತಾಜಾ ಎಲೆ ಬೇಕು. ಸೇಡಂನ ಬಾಡಿಗೆ ಕೋಣೆಯಲ್ಲಿ ಅದು ಆಗದ ಮಾತು. ಹಾಗಾಗಿ ಅವನು ಇಮಾಮ್ಬೀಯ ಅಂಗಳಕ್ಕೆ ಬಂದ.

ಇಮಾಮ್ಬೀ ಬಾವಿಯ ಪಕ್ಕದ ಎರಡಂಕಣದ ಮನೆಯಲ್ಲಿ ಒಬ್ಬಳೇ ಇರುವ ಹೆಂಗಸು, ಅರವತ್ತರ ಹತ್ತಿರ. ಔಡಲ ಸಾಲು ಆಕೆಯದೇ. ಇಪ್ಪತ್ತು ವರ್ಷ ಚಿಂಚೋಳಿಯ ಬೇಳೆ ವ್ಯಾಪಾರಿಯೊಬ್ಬನ ಅಂಗಳದಲ್ಲಿ ಕೂತು ತೊಗರಿ ಹಸನು ಮಾಡಿದವಳು. ಮೊರದಲ್ಲಿ ಕಾಳು ಹರವಿ, ಬೆರಳ ತುದಿಯಿಂದ ಕಲ್ಲು, ಜೊಳ್ಳು, ಬೇರೆ ಕಾಳು ಆರಿಸಿ ತೆಗೆಯುವ ಆ ಕೆಲಸದಲ್ಲಿ ಆಕೆಯ ಹೆಸರು ಸುತ್ತಲಿನ ಹಳ್ಳಿಗಳಲ್ಲೂ ಇತ್ತು. ಮದುವೆ ಮನೆಯವರು ಈಗಲೂ ಕರೆಸುತ್ತಿದ್ದರು. ಇಮಾಮ್ಬೀ ಹಸನು ಮಾಡಿದ ಬೇಳೆಯೆಂದರೆ ಉಣ್ಣುವವರು ಕಣ್ಣು ಮುಚ್ಚಿಕೊಂಡು ಉಣ್ಣಬಹುದಿತ್ತು. ಊರವರೆಲ್ಲ ಆಕೆಯನ್ನು ಚಿಕ್ಕಮ್ಮನೆಂಬಂತೆ ಖಾಲಾ ಎನ್ನುತ್ತಿದ್ದರು; ಜಗದೇವಪ್ಪನೂ ಹಾಗೇ ಕರೆದ.

ಮೊದಲ ದಿನ ಅವನು ಆಕೆಗೆ ಹುಳದ ಕಾಲು ಎಣಿಸುವುದನ್ನು ಕಲಿಸಿದ. ಔಡಲಕ್ಕೆ ಬೀಳುವ ಕೊಂಡಿಹುಳವೂ ಬೆನ್ನು ಬಾಗಿಸಿಯೇ ನಡೆಯುತ್ತದೆ, ಆದರೆ ಅದಕ್ಕೆ ಹೊಟ್ಟೆಯ ಕೆಳಗೆ ಮೂರ್ನಾಲ್ಕು ಜೊತೆ ಕಾಲು. ನಮ್ಮದಕ್ಕೆ ಮುಂದೆ ಮೂರು ಜೊತೆ, ಹಿಂದೆ ಎರಡೇ ಜೊತೆ; ನಡುಹೊಟ್ಟೆ ಖಾಲಿ. ಆಕೆ ಒಮ್ಮೆ ಕೇಳಿಸಿಕೊಂಡಳು. ಮರುವಾರ ಬಂದಾಗ ಒಂದು ತಂಬಿಗೆಯ ತುಂಬ ಕೊಂಡಿಹುಳ ಬೇರೆ ಆರಿಸಿಟ್ಟು, ಇವು ನಿಮ್ಮವಲ್ಲ ಎಂದಳು. ಅವನ ಕಾಲೇಜಿನ ಹುಡುಗರು ಮೂರು ತರಗತಿಗಾದರೂ ಅಷ್ಟು ಕಲಿಯುತ್ತಿರಲಿಲ್ಲ.

ಎರಡು ಅಗಲ ಬಾಯಿಯ ಗಡಿಗೆಗಳು ಬಂದವು. ಎಡಗಡೆಯದು ಬಿಳಿ ತಾಯಿಯ ಮೊಟ್ಟೆಗೆ, ಬಲಗಡೆಯದು ಕಪ್ಪು ತಾಯಿಯ ಮೊಟ್ಟೆಗೆ. ತಳದಲ್ಲಿ ನಾಲ್ಕು ಬೆರಳು ಜರಡಿ ಹಿಡಿದ ಮಣ್ಣು, ಬಾಯಿಗೆ ತೆಳು ಬಟ್ಟೆ. ಪತಂಗ ಮೊಟ್ಟೆಯಿಡಲೆಂದು ಆಕೆ ಜೋಳದ ದಂಟು ಸೀಳಿ ಇಟ್ಟಳು. ತಾಯಿ ಪತಂಗ ಆ ಸೀಳಿನೊಳಗೆ ಹಸಿರು ಮೊಟ್ಟೆಗಳನ್ನು ಗಸಗಸೆ ತುರುಕಿದ ಹಾಗೆ ತುಂಬುತ್ತಿತ್ತು. ವಾರಕ್ಕೆ ದಾರದೆಳೆಯಂಥ ಮರಿಗಳು. ತಿಂಗಳಾಗುವ ಹೊತ್ತಿಗೆ ಬೆರಳುದ್ದದ ಕಡ್ಡಿಗಳು. ಒಂದು ದಿನ ತಿನ್ನುವುದು ಬಿಟ್ಟು ಮಣ್ಣಿಗಿಳಿದು ಕಂದು ಕೋಶವಾಗುತ್ತಿದ್ದವು. ಹತ್ತು ಹನ್ನೆರಡು ದಿನ ಕಳೆದು, ಸಂಜೆಗಳಲ್ಲಿ, ಸಿಪ್ಪೆಯನ್ನು ಮಣ್ಣಲ್ಲೇ ಬಿಟ್ಟು ಪತಂಗ ಮೇಲೆ ಹತ್ತಿ ರೆಕ್ಕೆ ಆರಿಸಿಕೊಳ್ಳುತ್ತಿತ್ತು. ಎಪ್ಪತ್ತೆರಡರಲ್ಲಿ ಮಳೆ ಕೈಕೊಟ್ಟಾಗಲೂ ಬಾವಿಯ ಪಕ್ಕದ ಔಡಲಕ್ಕೆ ಆಕೆ ಕೊಡದಿಂದ ನೀರು ಹೊಯ್ದು ಎಲೆ ಉಳಿಸಿದಳು.

ನಾಲ್ಕು ಸಂತತಿಗಳಾದವು. ನಾಲ್ಕು ಸಲವೂ ಎಡಗಡೆಯ ಗಡಿಗೆಯಲ್ಲಿ ಬಿಳಿ, ಬಲಗಡೆಯದರಲ್ಲಿ ಕಪ್ಪು. ಒಂದೇ ಒಂದು ಕೂಡ ಅತ್ತಿತ್ತ ಆಗಲಿಲ್ಲ. ಎರಡನೆಯ ಸಂತತಿ ಮುಗಿದ ದಿನ ಜಗದೇವಪ್ಪ, ಈ ಕಪ್ಪು ಪತಂಗಕ್ಕೆ ನಿಮ್ಮ ಊರಿನ ಹೆಸರನ್ನೇ ಇಡುತ್ತೇನೆ, ಜಗತ್ತಿನ ಪುಸ್ತಕಗಳಲ್ಲೆಲ್ಲ ಚಿಮ್ಮನಚೋಡ ಅಂತ ಬರುತ್ತದೆ ಎಂದು ಆಕೆಗೆ ಹೇಳಿದ್ದ. ಇಮಾಮ್ಬೀ ಮಾರನೆಯ ದಿನವೇ ಅದನ್ನು ಬಾವಿಗೆ ಬಂದವರಿಗೆಲ್ಲ ಹೇಳಿದಳು. ಪ್ರತಿ ಸಂತತಿಯ ಲೆಕ್ಕವನ್ನೂ ಅವನು ಕಲ್ಕತ್ತೆಯ ತಜ್ಞರಿಗೆ ಬರೆಯುತ್ತ ಬಂದಿದ್ದ. ಈಗ ಲೇಖನ ಸಿದ್ಧವಾಗಿತ್ತು. ಐದನೆಯ ಸಂತತಿಯ ಲೆಕ್ಕವನ್ನು ಕೊನೆಯ ಸಾಲಿಗೆ ಸೇರಿಸಿ, ಬರುವ ಸೋಮವಾರ ಕಲ್ಕತ್ತೆಗೆ ಕಳಿಸುವುದೊಂದೇ ಬಾಕಿ.

ಸಂಕ್ರಾಂತಿ ಕಳೆದ ಶನಿವಾರ ಅವನಿಗೆ ಚಿಂಚೋಳಿಯಲ್ಲಿ ಯಾವುದೋ ಪರೀಕ್ಷೆಯ ಮೇಲ್ವಿಚಾರಣೆ ಬಿತ್ತು. ರಾತ್ರಿ ಅಲ್ಲೇ ತಂಗಿ, ಭಾನುವಾರ ಮೊದಲ ಬಸ್ಸಿಗೇ ಬಂದ. ಕಟ್ಟೆಯ ಮೇಲೆ ಇನ್ನೂ ಯಾರೂ ಇರಲಿಲ್ಲ. ಚಳಿಗೆ ಔಡಲ ಎಲೆಗಳು ಜೋತುಬಿದ್ದಿದ್ದವು. ಇಮಾಮ್ಬೀಯ ಅಂಗಳದ ಬಾಗಿಲು ತೆರೆದೇ ಇತ್ತು.

ಆಕೆ ಪರಸಿಯ ಹಾಸಿನ ಮೇಲೆ ಬಾಗಿಲಿಗೆ ಬೆನ್ನು ಹಾಕಿ ಕೂತಿದ್ದಳು. ಎರಡೂ ಗಡಿಗೆಗಳು ಆಚೆ ಈಚೆ. ತೊಡೆಯ ಮೇಲೆ ಮೊರ, ಮೊರದಲ್ಲಿ ಬಿಳಿ ಬಟ್ಟೆ, ಬಟ್ಟೆಯ ಮೇಲೆ ಹತ್ತು ಹನ್ನೆರಡು ಪತಂಗಗಳು ಚಳಿಗೆ ಸೆಟೆದು ಅಲುಗದೆ ಕೂತಿದ್ದವು. ಕೋಳಿಯ ಪುಕ್ಕವೊಂದನ್ನು ಒಂದರ ಹೊಟ್ಟೆಯ ಕೆಳಗೆ ಮೆಲ್ಲಗೆ ಸರಿಸಿ, ಎತ್ತಿ, ಬಲಗಡೆಯ ಗಡಿಗೆಯೊಳಗೆ ಇಳಿಬಿಟ್ಟಳು. ಮತ್ತೊಂದನ್ನು ಎಡಗಡೆಯದಕ್ಕೆ. ಕೈಯಲ್ಲಿ ಅವಸರವಿರಲಿಲ್ಲ, ಅನುಮಾನವೂ ಇರಲಿಲ್ಲ. ಆ ಕೈಯ ಚಲನೆ ಅವನು ಎಷ್ಟೋ ಸಲ ನೋಡಿದ್ದೇ, ತೊಗರಿಯ ಮೇಲೆ.

ಅವನು ಬಾಗಿಲಲ್ಲೇ ನಿಂತು, ಇನ್ನೂ ಎರಡು ಮೂರು ಪತಂಗ ಅತ್ತಿತ್ತ ಹೋಗುವುದನ್ನು ನೋಡಿದ. ಕೊನೆಗೆ ಕೇಳಿದ, “ಏನ್ ಮಾಡ್ಲಿಕತ್ತೀರಿ ಖಾಲಾ?”

ಪುಕ್ಕ ಅಲ್ಲೇ ನಿಂತಿತು. ಆಕೆ ತಿರುಗಲಿಲ್ಲ. “ಹಸನ ಮಾಡ್ಲಿಕತ್ತೀನಿ,” ಎಂದಳು. ಆಮೇಲೆ ಸೆರಗು ತಲೆಯ ಮೇಲೆ ಎಳೆದುಕೊಂಡಳು.

“ಇವು ಯಾವ ಗಡಿಗೀವು?”

“ಎಡಗಡೀವು.”

ಮೊರದಲ್ಲಿ ಉಳಿದದ್ದು ಏಳು. ನಾಲ್ಕು ಬಿಳಿ, ಮೂರು ಕಪ್ಪು. ಎಡಗಡೆಯದು ಬಿಳಿ ತಾಯಿಯ ಗಡಿಗೆ. ಜಗದೇವಪ್ಪ ಚೀಲ ಇಳಿಸದೆ ಪರಸಿಯ ಅಂಚಿನ ಮೇಲೆ ಕೂತ. ಎಷ್ಟು ಸಲದಿಂದ ಹೀಗೆ ಎಂದು ಅವನು ಕೇಳುವ ಮೊದಲೇ ಆಕೆ ಹೇಳಿದಳು, ಮೊದಲಿನಿಂದಲೂ.

ಮೊದಲ ಸಲ ಗಡಿಗೆ ಬಿಚ್ಚಿದಾಗ ಎರಡರಲ್ಲೂ ಎರಡು ಬಣ್ಣ ಕಂಡವಂತೆ. ಹುಳವಾಗಿದ್ದಾಗ ಕಪ್ಪಿನದಕ್ಕೂ ಬಿಳಿಯದಕ್ಕೂ ಏನೂ ಭೇದವಿಲ್ಲ. ಎಲೆ ಬದಲಿಸುವಾಗ ತಾನೇ ಅದಲು ಬದಲು ಮಾಡಿಬಿಟ್ಟೆ ಎಂದುಕೊಂಡಳು. ಬೇಳೆ ವ್ಯಾಪಾರಿಯ ಅಂಗಳದಲ್ಲಿ ಒಂದೇ ಒಂದು ಸಲ ಆಕೆಯ ರಾಶಿಯಲ್ಲಿ ಕಲ್ಲು ಸಿಕ್ಕಿತ್ತು. ಸಾಹುಕಾರ ಬೈಯಲಿಲ್ಲ. ಆ ಕಲ್ಲನ್ನು ತಂದು ಸುಮ್ಮನೆ ಆಕೆಯ ಮುಂದಿಟ್ಟು ಹೋದ. ಬೈದಿದ್ದರೆ ಮರೆತುಹೋಗುತ್ತಿತ್ತು. ಹೀಗಾಗಿ ಮಾಸ್ತರ ಬರುವ ಮೊದಲೇ ಬಣ್ಣ ನೋಡಿ ಆರಿಸಿ, ಆಯಾ ಬಣ್ಣದವನ್ನು ಆಯಾ ಗಡಿಗೆಗೆ ಸೇರಿಸಿಟ್ಟಳು. ಎರಡನೆಯ ಸಲ ಬಲು ಎಚ್ಚರ ವಹಿಸಿದಳು. ಆದರೂ ಕಲಸಿದವು. ಮೂರನೆಯ ಸಲ ಒಂದು ಗಡಿಗೆಯನ್ನು ಅಂಗಳದಲ್ಲಿ, ಇನ್ನೊಂದನ್ನು ಒಳಗೆ ಒಲೆಯ ಹಿಂದೆ ಇಟ್ಟು, ಒಂದರ ಕೆಲಸ ಮುಗಿಸಿ ಕೈ ತೊಳೆದು ಇನ್ನೊಂದನ್ನು ಮುಟ್ಟಿದಳು. ಆಗಲೂ ಹಾಗೇ.

“ಅವಾಗ ಗೊತ್ತಾತು ಮಾಸ್ತರ, ನನ್ನ ಕೈ ತಪ್ಪಿಲ್ಲಂತ,” ಎಂದಳು ಇಮಾಮ್ಬೀ. “ಒಂದೇ ತಾಯಿ ಹೊಟ್ಟ್ಯಾಗ ಎರಡೂ ಹುಟ್ತಾವ. ಬಾವಿ ಗ್ವಾಡಿ ಮ್ಯಾಲ ಕರೇದು ಬಿಳೇದು ಕೂಡಿ ಕುಂತಿದ್ದೂ ನೋಡೀನಿ.”

“ಹೇಳಬೇಕಿತ್ತಲ್ಲ ನನಗ.”

“ಅಷ್ಟೊತ್ತಿಗಿ ನೀವು ಊರ ಹೆಸರ ಇಡ್ತೀನಿ ಅಂದಿದ್ರಿ. ನಾ ಮಂದಿಗೆಲ್ಲ ಹೇಳಿಬಿಟ್ಟಿದ್ದೆ.”

ಅವನಿಗೆ ಸಿಟ್ಟು ತಡವಾಗಿ ಬಂತು, ಬಂದದ್ದು ಪೂರಾ ಬಂತು. ಎದ್ದು ನಿಂತು, ನನ್ನ ಎರಡು ವರ್ಷವನ್ನು ಮಣ್ಣುಗೂಡಿಸಿದಿರಿ ಎಂದ. ಓದಿಲ್ಲದವರ ಕೈಗೆ ಕೆಲಸ ಕೊಟ್ಟದ್ದು ನನ್ನ ಬುದ್ಧಿಗೇಡಿತನ ಎಂದ. ಅಂದಮೇಲೆ ಆ ಮಾತು ಅಂಗಳದಲ್ಲಿ ಎಲ್ಲಿಯೂ ಹೋಗದೆ ಉಳಿಯಿತು. ಇಮಾಮ್ಬೀ ಮೊರವನ್ನು ಕೆಳಗಿಟ್ಟಳು. ಆಕೆಯ ಮುಖದಲ್ಲಿ ಅಳುವೂ ಇರಲಿಲ್ಲ, ಅಂಜಿಕೆಯೂ ಇರಲಿಲ್ಲ.

“ಓದಿಲ್ಲ, ಖರೆ ಅದ,” ಎಂದಳು. “ಕಣ್ಣ ಅವ. ಮೂರನೇ ಸಲ ನೀವು ಇಲ್ಲೇ ಕುಂತು ಸಿಪ್ಪಿ ಎಣಿಸಿದ್ರಿ. ಬರಕೊಂಡ್ರಿ. ಆಮ್ಯಾಲ ರಬ್ಬರ ಹಚ್ಚಿ ಅಳಿಸಿದ್ರಿ. ಮಾಸ್ತರಗ ಗೊತ್ತಾಗ್ಯಾದ, ಗೊತ್ತಾಗಿ ಸುಮ್ಮನದಾರ, ಹಿಂಗೇ ನಡೀಲಿ ಅನ್ನೂದು ಅವರ ಮನಸನ್ಯಾಗೂ ಅದ ಅಂತ ತಿಳಕೊಂಡೆ ನಾ.”

ಜಗದೇವಪ್ಪ ಮತ್ತೆ ಕೂತ.

ಅದು ನಿಜವಾಗಿತ್ತು. ಮೂರನೆಯ ಸಂತತಿಯ ದಿನ, ಬಸ್ಸಿಗೆ ಇನ್ನೂ ಹೊತ್ತಿದ್ದುದರಿಂದ, ಅವನು ಎರಡೂ ಗಡಿಗೆಯ ಮಣ್ಣು ಕೆದರಿ ಖಾಲಿ ಕೋಶಗಳನ್ನು ಎಣಿಸಿದ್ದ. ಎಡಗಡೆಯದರಲ್ಲಿ ನಲವತ್ತನಾಲ್ಕು ಸಿಪ್ಪೆ, ಪತಂಗ ಮೂವತ್ತೊಂದು. ಕೆಲವು ಹಾರಿಹೋಗಿರಬಹುದು ಎಂದುಕೊಂಡ. ಬಲಗಡೆಯದರಲ್ಲಿ ಮೂವತ್ತೆಂಟು ಸಿಪ್ಪೆ, ಪತಂಗ ಐವತ್ತೊಂದು. ಪತಂಗ ಹಾರಿಹೋಗಬಹುದು; ಹುಟ್ಟದೆ ಇದ್ದದ್ದು ಬಂದು ಸೇರಲಾರದು. ಪೆನ್ಸಿಲಿನಿಂದ ಬರೆದ ಆ ಎರಡು ಅಂಕಿಗಳನ್ನು ಅವನು ಸ್ವಲ್ಪ ಹೊತ್ತು ನೋಡಿದ್ದ. ಆಮೇಲೆ, ಸಿಪ್ಪೆ ಒಡೆದು ಚೂರಾಗುತ್ತವೆ, ಎಣಿಕೆ ಸರಿಯಾಗುವುದಿಲ್ಲ ಎಂದು ತನಗೇ ಹೇಳಿಕೊಂಡು ಅಳಿಸಿದ್ದ. ನಾಲ್ಕನೆಯ ಸಲ ಸಿಪ್ಪೆ ಎಣಿಸಲೇ ಇಲ್ಲ. ಆಕೆಯನ್ನು ಒಂದು ಮಾತು ಕೇಳಿದ್ದರೆ ಅಂದೇ ಉತ್ತರ ಸಿಗುತ್ತಿತ್ತು. ಕೇಳಲಿಲ್ಲ. ತಾನು ಮಾತು ಕಡಿಮೆಯವನೆಂದು ಜನ ಹೊಗಳುತ್ತಿದ್ದ ಆ ಗುಣ ಎಷ್ಟು ಅನುಕೂಲದ್ದೆಂದು ಅವನಿಗೆ ಈಗ ಕಾಣಿಸಿತು.

ಬಿಸಿಲು ಅಂಗಳಕ್ಕೆ ಬಂತು. ಮೊರದಲ್ಲಿದ್ದ ಏಳರಲ್ಲಿ ಒಂದು ರೆಕ್ಕೆ ನಡುಗಿಸಿ, ಕಾದು, ಹಾರಿ ಗೋಡೆಗೆ ಅಂಟಿಕೊಂಡಿತು. ಇಬ್ಬರೂ ಅದನ್ನು ನೋಡಿದರು. ಸೋಮವಾರ ಲೇಖನ ಕಳಿಸಿಬಿಟ್ಟರೆ ಏನು ಎಂಬ ಯೋಚನೆ ಅವನಿಗೆ ಬರದೆ ಇರಲಿಲ್ಲ. ಕಲ್ಕತ್ತೆಯವರು ಚಿಮ್ಮನಚೋಡಕ್ಕೆ ಬಂದು ಗಡಿಗೆ ಬಿಚ್ಚಿ ನೋಡುವವರಲ್ಲ. ಗೊತ್ತಿದ್ದವಳು ಇವಳೊಬ್ಬಳು, ಇವಳು ಹೇಳುವವಳಲ್ಲ. ಆದರೆ ಅದರಿಂದ ಇವಳ ಜೀವನದ ಕೊನೆಯ ರಾಶಿಯಲ್ಲಿ ಕಲ್ಲು ಉಳಿಯುತ್ತದೆ, ಉಳಿಸಿದವನು ತಾನಾಗುತ್ತಾನೆ. ಹೀಗೆಲ್ಲ ಸ್ಪಷ್ಟವಾಗಿ ಅವನು ಆಗ ಯೋಚಿಸಿದನೆಂದಲ್ಲ. ಗೋಡೆಯ ಮೇಲಿನ ಪತಂಗವನ್ನು ನೋಡುತ್ತ ಕೂತಿದ್ದ, ಅಷ್ಟೆ. ಆಮೇಲೆ, ಮಣ್ಣಿನಲ್ಲಿ ಇನ್ನೆಷ್ಟು ಕೋಶ ಒಡೆಯುವುದು ಬಾಕಿ ಇದೆ ಎಂದು ಕೇಳಿದ.

ಎಡಗಡೆಯದರಲ್ಲಿ ಮೂವತ್ತರ ಮೇಲಿವೆ ಎಂದಳು ಇಮಾಮ್ಬೀ.

ಅವನು ನಾಲ್ಕು ದಿನ ರಜೆಯ ಅರ್ಜಿ ಬರೆದು ಬಸ್ಸಿನವನ ಕೈಯಲ್ಲಿ ಕಳಿಸಿ, ನೆಂಟರ ಮನೆಯಲ್ಲಿ ಉಳಿದ. ಎಡಗಡೆಯ ಗಡಿಗೆಯಲ್ಲಿ ಅದಾಗಲೇ ಹೊರಬಂದಿದ್ದ ಪತಂಗಗಳನ್ನೂ ಅವುಗಳ ಸಿಪ್ಪೆಯನ್ನೂ ತೆಗೆದುಹಾಕಿ, ಸಂಜೆ ಸಂಜೆ ಬಂದು ಅದರ ಪಕ್ಕ ಕೂತ. ಆಕೆ ಎದುರಿಗೆ. ಹೊತ್ತು ಮುಳುಗುವಾಗ ಮಣ್ಣು ಸ್ವಲ್ಪ ಸೀಳುತ್ತಿತ್ತು. ಒದ್ದೆಯಾದ, ಮುದುಡಿದ, ಇನ್ನೂ ಯಾವ ಬಣ್ಣವೆಂದು ತಿಳಿಯದ ಒಂದು ಜೀವ ದಂಟಿನ ತುಂಡು ಹತ್ತಿ ನಿಲ್ಲುತ್ತಿತ್ತು. ರೆಕ್ಕೆ ನಿಧಾನ ಇಳಿಬಿದ್ದು ಅಗಲವಾಗುವುದನ್ನು ಇಬ್ಬರೂ ಕಾಯುತ್ತಿದ್ದರು. ಬಿಳಿ. ಇನ್ನೊಂದು, ಬಿಳಿ. ಮತ್ತೊಂದು, ಕಪ್ಪು. ಕಪ್ಪಾದಾಗ ಆಕೆ ಮಾಸ್ತರನ ಮುಖ ನೋಡುತ್ತಿದ್ದಳು. ಅವನು ವಹಿಯಲ್ಲಿ ಗೆರೆ ಎಳೆಯುತ್ತಿದ್ದ. ಎರಡನೆಯ ಸಂಜೆ ಒಮ್ಮೆ ಆಕೆಯ ಕೈ ತಾನಾಗಿಯೇ ಪುಕ್ಕದತ್ತ ಹೋಯಿತು. ಇರಲಿ ಎಂದು ಅವನು ತಲೆಯಾಡಿಸಿದ. ಬುಧವಾರದ ಹೊತ್ತಿಗೆ ಒಂದೇ ಬಿಳಿ ತಾಯಿಯ ಗಡಿಗೆಯಿಂದ ಹತ್ತೊಂಬತ್ತು ಬಿಳಿ, ಹದಿನೈದು ಕಪ್ಪು ಹೊರಗೆ ಬಂದಿದ್ದವು. ಸಿಪ್ಪೆ ಎಣಿಸಿದರೆ ಮೂವತ್ತನಾಲ್ಕು. ಕಪ್ಪು ಬೇರೆ ಪ್ರಭೇದವಲ್ಲ. ಪುಸ್ತಕದಲ್ಲಿ ಮೊದಲಿನಿಂದಲೂ ಹೆಸರಿದ್ದ ಪತಂಗದ ಇನ್ನೊಂದು ಬಣ್ಣ.

ಅಲ್ಲೇ ಪರಸಿಯ ಮೇಲೆ ಕೂತು ಅವನು ಕಲ್ಕತ್ತೆಗೆ ಪತ್ರ ಬರೆದ. ಬರೆದು, ಆಕೆಗೂ ತಿಳಿಯಲೆಂದು ಕನ್ನಡದಲ್ಲಿ ಓದಿ ಹೇಳಿದ. ಹಿಂದಿನ ನಾಲ್ಕು ಸಂತತಿಗಳ ಲೆಕ್ಕ ಸಾಕಣೆಯಲ್ಲಿ ನಡೆದ ಲೋಪದಿಂದಾಗಿ ನಂಬಲು ಯೋಗ್ಯವಲ್ಲ, ಹೊಸ ಪ್ರಭೇದದ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ ಎಂದಿತ್ತು ಅದರಲ್ಲಿ.

ಇಮಾಮ್ಬೀ ಪೂರಾ ಕೇಳಿಸಿಕೊಂಡಳು. ಆಮೇಲೆ ಕೇಳಿದಳು, “ಲೋಪ ಅಂದ್ರ ಏನ್ರಿ?”

“ತಪ್ಪು.”

“ಯಾರ ತಪ್ಪು ಅಂತ ಇಲ್ಲಲ್ಲ ಅದರಾಗ.”

ನಿಮ್ಮ ಹೆಸರು ಯಾಕೆ ಎಳೆದು ತರಬೇಕು ಎಂದು ಬಿಟ್ಟೆ ಎಂದ ಅವನು. ಆಕೆಗೆ ಅದು ಹಿಡಿಸಲಿಲ್ಲ. ಇಪ್ಪತ್ತು ವರ್ಷ ಮಾಡಿದ ಕೆಲಸ ಒಳ್ಳೆಯದಾದಾಗ ಇಮಾಮ್ಬೀ ಹಸನು ಮಾಡಿದ್ದು ಎಂದು ಹೇಳಿಸಿಕೊಂಡಿದ್ದೇನೆ, ಕೆಟ್ಟಾಗ ಹೆಸರಿಲ್ಲದೆ ಮುಚ್ಚಿಟ್ಟರೆ ಅದು ಮರ್ಯಾದೆಯಲ್ಲ ಎಂಬರ್ಥದಲ್ಲಿ ಏನೋ ಹೇಳಿದಳು. ಕೊನೆಗೆ ಎಂದಳು, “ಬರೀರಿ. ನಾ ಆರಿಸಿಟ್ಟೆ ಅಂತ ಬರೀರಿ. ಖರೆ ಬರದ್ರ ನನಗೇನೂ ಆಗೂದಿಲ್ಲ.”

ಅವನು ಆ ಹಾಳೆಯನ್ನು ಮಡಚಿ ಇಟ್ಟು ಇನ್ನೊಂದು ತೆಗೆದ. ಈ ಸಲ ತಡವಾಯಿತು. ಪತಂಗಗಳನ್ನು ಸಾಕಿದ ಇಮಾಮ್ಬೀ ಎಂಬವರು, ಅವು ತಮ್ಮ ಕೈತಪ್ಪಿನಿಂದ ಕಲಸಿವೆಯೆಂದು ಮೊದಲು ತಿಳಿದು, ಆಮೇಲೆ ಊರಿಗೆ ಹೇಳಿದ ಮಾತು ಉಳಿಯಲೆಂದು, ಪ್ರತಿ ಸಲ ಬಣ್ಣ ನೋಡಿ ಬೇರ್ಪಡಿಸಿಡುತ್ತಿದ್ದರು. ಎರಡೂ ಒಂದೇ ತಾಯಿಯ ಮಕ್ಕಳೆಂದು ಮೊದಲು ಕಂಡುಕೊಂಡವರೂ ಅವರೇ. ಮೂರನೆಯ ಸಂತತಿಯಲ್ಲಿ ಕೋಶಗಳ ಸಂಖ್ಯೆಗೂ ಪತಂಗಗಳ ಸಂಖ್ಯೆಗೂ ತಾಳೆಯಾಗಲಿಲ್ಲ. ಅದನ್ನು ನಾನು ಕಂಡಿದ್ದೆ, ಬರೆದುಕೊಂಡಿದ್ದೆ, ಆಮೇಲೆ ಅಳಿಸಿದೆ. ಅಳಿಸಿದ ಅಂಕಿಗಳು ಇವು.

ಓದಿ ಹೇಳಿದ. ಆಕೆ ತನ್ನ ಭಾಗವನ್ನು ಇನ್ನೊಮ್ಮೆ ಓದಿಸಿದಳು. ಅವನ ಭಾಗವನ್ನು ಇನ್ನೊಮ್ಮೆ ಓದಿರೆಂದು ಕೇಳಲಿಲ್ಲ, ಅವನೇ ಓದಿದ.

“ಊರ ಮಂದಿಗಿ ನಾ ಹೇಳ್ತೀನಿ,” ಎಂದಳು ಇಮಾಮ್ಬೀ. “ನಾನೇ ಹೇಳಿದ್ದೆ, ನಾನೇ ಹೇಳಬೇಕು. ನೀವು ನಡುವ ಬರಬ್ಯಾಡ್ರಿ.”

ಸಂಜೆಯ ಬಸ್ಸು ದೂರದ ತಿರುವಿನಲ್ಲಿ ಹಾರ್ನ್ ಹಾಕಿತು. ಜಗದೇವಪ್ಪ ಪತ್ರವನ್ನು ಲಕೋಟೆಗೆ ಹಾಕಿ, ಅಂಟು ನಾಲಿಗೆಗೆ ತಾಕಿಸಿ, ಬೆರಳಿನಿಂದ ಒತ್ತಿ ಮುಚ್ಚಿದ. ಆಕೆ ಎರಡೂ ಗಡಿಗೆಯ ಬಾಯಿಗೆ ಕಟ್ಟಿದ ಬಟ್ಟೆ ಬಿಚ್ಚಿ, ಝಾಡಿಸಿ, ಹಗ್ಗದ ಮೇಲೆ ಹರವಿದಳು. ಒಳಗಿದ್ದವು ಒಂದೊಂದಾಗಿ ಮೇಲೆ ಬಂದು, ಅಂಚಿನ ಮೇಲೆ ತುಸು ನಿಂತು, ಔಡಲ ಗಿಡಗಳ ಕಡೆ ಹಾರಿದವು. ಆ ಮಸುಕಿನಲ್ಲಿ ಯಾವುದು ಬಿಳಿ, ಯಾವುದು ಕಪ್ಪು ಎಂದು ಅವನಿಗೆ ಕಾಣಿಸಲಿಲ್ಲ.